ತಲಪಾಡಿ ದಾಟಿದರೆ ಎಸ್‌ಟಿಡಿ

(ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರದ ಒಂದು ವಾಚನಾಲಯದಲ್ಲಿ ಭಾನುವಾರ ಸಂಜೆ ಆಡಿದ ಮಾತು. ಕೇಳಿದವರು ಬರೆದುಕೊಡಿ ಅಂದರು, ಬರೆದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ಎಂಜಿನಿಯರ್ ಅಲ್ಲ, ಅರ್ಥಶಾಸ್ತ್ರ ಓದಿದವನೂ ಅಲ್ಲ. 1993ರಿಂದ ಹದಿಮೂರು ವರ್ಷ ಎಸ್‌ಟಿಡಿ ಬೂತ್ ನಡೆಸಿದೆ, ಅಂದರೆ ಜನ ದುಡ್ಡು ಕೊಟ್ಟು ದೂರದೂರಿಗೆ ಫೋನ್ ಮಾಡುವ ಅಂಗಡಿ. ಆಮೇಲೆ ಅದೇ ಕೋಣೆಯಲ್ಲಿ ರೀಚಾರ್ಜ್ ಅಂಗಡಿ ಹಾಕಿದೆ. ಫೋನಿನ ದರ ಇಳಿದದ್ದು, ಕಂಪನಿಗಳು ಬಂದದ್ದು, ಬಾಗಿಲು ಹಾಕಿದ್ದು, ಎಲ್ಲವೂ ನನ್ನ ಮೇಜಿನ ಮೇಲೆಯೇ ನಡೆಯಿತು. ಆ ಅನುಭವ, ಜೊತೆಗೆ ಓದಿ ತಿಳಿದುಕೊಂಡ ನಾಲ್ಕು ಸಂಗತಿ, ಇಷ್ಟೇ ನನ್ನ ಬಂಡವಾಳ. ಫೋನ್ ಕಂಪನಿಗಳ ಸ್ಪರ್ಧೆಯಿಂದ ರಾಜ್ಯದ ಗಡಿಯಲ್ಲಿ ಬದುಕುವ ನಮಗೆ ಏನು ಸಿಕ್ಕಿತು, ಏನು ಸಿಗಲಿಲ್ಲ, ಅದೇ ಇವತ್ತಿನ ಮಾತು.

ಮೊದಲು ಬೂತಿನ ಬಗ್ಗೆ ಹೇಳುತ್ತೇನೆ. ಇಲ್ಲಿ ಕೂತ ಮಕ್ಕಳು ಅದನ್ನು ನೋಡಿಲ್ಲ ಅಲ್ವಾ? ಹೊರಗೆ ಹಳದಿ ಬೋರ್ಡು. ಒಳಗೆ ಪ್ಲೈವುಡ್ಡಿನ ಸಣ್ಣ ಗೂಡು, ಅದಕ್ಕೆ ಗಾಜಿನ ಬಾಗಿಲು. ಗೂಡಿನೊಳಗೆ ಫೋನು, ಅದರ ಮೇಲೆ ಕೆಂಪು ಅಂಕಿ ಓಡುವ ಮೀಟರು. ನನ್ನ ಪಕ್ಕದಲ್ಲಿ ಬಿಲ್ಲಿನ ಪ್ರಿಂಟರು. ರಿಸೀವರ್ ಇಟ್ಟ ಕೂಡಲೇ ಕಿರ್ರ್ ಅಂತ ಚೀಟಿ ಬರುತ್ತಿತ್ತು. ಹಗಲು ಪೂರ್ತಿ ದರ, ಸಂಜೆ ಮೇಲೆ ಅರ್ಧ, ರಾತ್ರಿ ಹೊತ್ತಾದ ಮೇಲೆ ಕಾಲು. ಹಾಗಾಗಿ ನಮ್ಮ ವ್ಯಾಪಾರವೆಲ್ಲ ರಾತ್ರಿಯೇ. ಜಡಿ ಮಳೆಯಲ್ಲೂ ಜನ ಕೊಡೆ, ಟಾರ್ಚ್ ಹಿಡಿದು ಬಂದು ಜಗಲಿಯಲ್ಲಿ ಸಾಲು ಕೂರುತ್ತಿದ್ದರು.

ಗಲ್ಫಿನಲ್ಲಿ ಮಗನಿದ್ದ ಒಬ್ಬರು ಅಮ್ಮ ಬರುತ್ತಿದ್ದರು. ಮುಷ್ಟಿಯಲ್ಲಿ ನೂರರ ಒಂದು ನೋಟು. ಮೀಟರು ತೊಂಬತ್ತು ದಾಟಿದ ಕೂಡಲೇ ನಾನು ಗಾಜಿಗೆ ಬೆರಳಲ್ಲಿ ತಟ್ಟಬೇಕು, ಅದು ನಮ್ಮಿಬ್ಬರ ಒಪ್ಪಂದ. ತಟ್ಟಿದರೆ ಮಾತು ಎಲ್ಲಿಗೆ ಬಂದಿದ್ದರೂ ಇಟ್ಟುಬಿಡುತ್ತಿದ್ದರು. ಒಂದು ರಾತ್ರಿ ಹೊರಗೆ ಬಂದು ಹಾಗೇ ನಿಂತರು. "ಅಣ್ಣಾ, ಅವ ಜ್ವರ ಉಂಟು ಅಂದನಾ, ಇತ್ತು ಅಂದನಾ, ನನಗೆ ಗೊತ್ತಾಗಲಿಲ್ಲ" ಅಂದರು. ಇನ್ನೊಂದು ಸಲ ಮಾಡಿ, ದುಡ್ಡು ಆಮೇಲೆ ಕೊಟ್ಟರೆ ಸಾಕು ಅಂದೆ. ಅವರು ಒಪ್ಪಲಿಲ್ಲ. ಟಾರ್ಚ್ ಹಾಕಿಕೊಂಡು ಗುಡ್ಡ ಹತ್ತಿ ಹೋದರು.

ಫೋನಿನ ದರ ಅಂತ ನಾನು ಹೇಳುವಾಗಲೆಲ್ಲ ನನ್ನ ಕಣ್ಣ ಮುಂದೆ ಬರುವುದು ಅವರು.

ಆಗ ಇದ್ದದ್ದು ಒಂದೇ ಇಲಾಖೆ. 1885ರ ಟೆಲಿಗ್ರಾಫ್ ಕಾಯ್ದೆ ಪ್ರಕಾರ ತಂತಿ ಎಳೆಯುವ ಹಕ್ಕು ಕೇಂದ್ರ ಸರ್ಕಾರದ್ದು ಮಾತ್ರ. ಬ್ರಿಟಿಷರು ಮಾಡಿದ ಆ ಕಾಯ್ದೆಯ ಜಾಗಕ್ಕೆ ಹೊಸದೊಂದು ಕಾಯ್ದೆ ಬಂದದ್ದು 2023ರಲ್ಲಿ. ಮನೆಗೆ ಫೋನ್ ಬೇಕಾದರೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯಬೇಕು. ದೂರದೂರಿಗೆ ಮಾತಾಡಲು ಟ್ರಂಕ್ ಕಾಲ್ ಬುಕ್ ಮಾಡಬೇಕು. ಅದರಲ್ಲೂ ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಅಂತ ಮೂರು ತರ. ಯಾರೋ ತೀರಿಕೊಂಡಾಗ ಲೈಟ್ನಿಂಗ್ ಹಾಕಿದ ನೆನಪು ಹಿರಿಯರಿಗೆ ಇರಬಹುದು.

ಆದರೆ ಸರ್ಕಾರ ಒಂದೇ ಇದ್ದಾಗ ಏನೂ ಆಗಲಿಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. 1984ರಲ್ಲಿ ಸಿ-ಡಾಟ್ ಅನ್ನುವ ಸರ್ಕಾರದ ಟೆಲಿಫೋನ್ ಸಂಶೋಧನಾ ಸಂಸ್ಥೆ ಶುರುವಾಯಿತು. ಎಂಜಿನಿಯರ್ ಸ್ಯಾಮ್ ಪಿತ್ರೋಡಾ ಅದರ ಬೆನ್ನ ಹಿಂದೆ ನಿಂತರು. ಅಲ್ಲಿನ ನಮ್ಮ ಹುಡುಗರು ಎಸಿ ಇಲ್ಲದೆ, ಸೆಕೆಯಲ್ಲೂ ಧೂಳಲ್ಲೂ ಓಡುವ 128 ಲೈನಿನ ಪುಟ್ಟ ಎಕ್ಸ್‌ಚೇಂಜ್ ಮಾಡಿದರು. ಅದನ್ನು ಮೊದಲು ಕೂರಿಸಿದ್ದು ಎಲ್ಲಿ ಗೊತ್ತಾ? ಕಿತ್ತೂರಿನಲ್ಲಿ, 1986ರಲ್ಲಿ. ರಾಣಿ ಚೆನ್ನಮ್ಮನ ಕಿತ್ತೂರು. ಹಳ್ಳಿಗಳಿಗೆ ಎಸ್‌ಟಿಡಿ ಬಂದದ್ದು, ನನ್ನಂಥವನಿಗೆ ಒಂದು ಬೂತ್ ಸಿಕ್ಕಿದ್ದು, ಇವೆಲ್ಲ ಆ ಕೆಲಸದ ಫಲ. ಅದು ಸ್ಪರ್ಧೆಯಿಂದ ಆದದ್ದಲ್ಲ. ಇದನ್ನು ಮರೆಯಬಾರದು.

ಈಗ ಇವತ್ತಿನ ಮುಖ್ಯ ವಿಷಯಕ್ಕೆ ಬರುತ್ತೇನೆ. ಸರ್ಕಲ್.

1956ರ ನವೆಂಬರ್ 1ರಂದು ನಮ್ಮ ಊರು ಕೇರಳಕ್ಕೆ ಸೇರಿತು. ಆ ಗೆರೆಯ ಬಗ್ಗೆ ಇಲ್ಲಿ ಬೇಕಾದಷ್ಟು ಮಾತಾಗಿದೆ, ನಾನು ಮತ್ತೆ ಎತ್ತುವುದಿಲ್ಲ. ಆದರೆ ಟೆಲಿಫೋನಿನವರು ದೇಶವನ್ನು ಸರ್ಕಲ್‌ಗಳಾಗಿ ಹಂಚಿದಾಗ ಹೆಚ್ಚುಕಡಿಮೆ ರಾಜ್ಯದ ಗೆರೆಯ ಮೇಲೆಯೇ ಗೆರೆ ಎಳೆದರು. 1994ರಲ್ಲಿ ಹೊಸ ಟೆಲಿಕಾಂ ನೀತಿ ಬಂತು, ಖಾಸಗಿ ಕಂಪನಿಗಳಿಗೆ ಬಾಗಿಲು ತೆರೆಯಿತು. ಮೊಬೈಲಿನ ಲೈಸೆನ್ಸ್ ಕೊಟ್ಟದ್ದೂ ಸರ್ಕಲ್ ಲೆಕ್ಕದಲ್ಲೇ. ಕರ್ನಾಟಕ ಒಂದು ಸರ್ಕಲ್, ಕೇರಳ ಇನ್ನೊಂದು. ಕಂಪನಿಗಳ ಸ್ಪರ್ಧೆ ಎಲ್ಲ ಆ ಬೇಲಿಯ ಒಳಗೆ. ಬೇಲಿ ದಾಟಿದರೆ ಬೇರೆ ಲೆಕ್ಕ.

ನಮ್ಮ ಬದುಕು ಯಾವ ಕಡೆ ಮುಖ ಮಾಡಿದೆ ನೋಡಿ. ಅಡಿಕೆ ಮಾರುವುದು ವಿಟ್ಲ, ಪುತ್ತೂರು, ಮಂಗಳೂರಿನಲ್ಲಿ. ಕಾಯಿಲೆ ಜೋರಾದರೆ ಓಡುವುದು ದೇರಳಕಟ್ಟೆಗೆ, ಮಂಗಳೂರಿಗೆ. ಮಕ್ಕಳ ಕಾಲೇಜು ಅಲ್ಲಿ, ಹೆಣ್ಣು ಕೊಟ್ಟದ್ದು ತಂದದ್ದು ಅಲ್ಲಿ. ಕಾಸರಗೋಡಿನಿಂದ ಮಂಗಳೂರು ಐವತ್ತು ಕಿಲೋಮೀಟರ್. ತಿರುವನಂತಪುರ ಐನೂರೈವತ್ತಕ್ಕೂ ಜಾಸ್ತಿ. ಮೊಬೈಲ್ ಬಂದ ಮೇಲೆ ಏನಾಯಿತು? ತಿರುವನಂತಪುರಕ್ಕೆ ಮಾಡಿದರೆ ಲೋಕಲ್. ಮಂಗಳೂರಿಗೆ ಮಾಡಿದರೆ ಎಸ್‌ಟಿಡಿ, ಹತ್ತು ಅಂಕಿಯ ಮುಂದೆ ಸೊನ್ನೆ ಒತ್ತಬೇಕಿತ್ತು. ಅಡಿಕೆಯ ಇವತ್ತಿನ ಧಾರಣೆ ಎಷ್ಟು ಅಂತ ಮಂಡಿಗೆ ಕೇಳುವುದೂ ಎಸ್‌ಟಿಡಿ, ಮಗಳು ಬಸ್ ಹತ್ತಿದಳಾ ಅಂತ ಕೇಳುವುದೂ ಎಸ್‌ಟಿಡಿ.

ಫೋನು ಹಿಡಿದುಕೊಂಡು ಗಡಿಯ ತಲಪಾಡಿ ದಾಟಿದರೆ ರೋಮಿಂಗ್, ಅಂದರೆ ಬೇರೆ ಸರ್ಕಲ್ಲಿನ ಟವರ್ ಬಳಸಿದ್ದಕ್ಕೆ ಬೇರೆ ದರ. ಬಸ್ಸಿನಲ್ಲಿ ಕೂತವರ ಕಿಸೆಯಲ್ಲೆಲ್ಲ ಒಟ್ಟಿಗೆ ಟಿಣ್ ಟಿಣ್ ಅನ್ನುತ್ತಿತ್ತು, ಕರ್ನಾಟಕಕ್ಕೆ ಸ್ವಾಗತ ಅಂತ ಮೆಸೇಜು. ಆ ಹೊತ್ತಿಗೆ ಯಾರಾದರೂ ಫೋನ್ ಮಾಡಿದರೆ ಎತ್ತಿದವರ ದುಡ್ಡೂ ಹೋಗುತ್ತಿತ್ತು.

ನಮ್ಮ ಮನೆಯ ಕತೆ ಇದಕ್ಕಿಂತ ವಿಚಿತ್ರ. ಮನೆ ಇರುವುದು ಗಡಿಗೆ ಹತ್ತಿರದ ಗುಡ್ಡದ ಬುಡದಲ್ಲಿ. ಚಾವಡಿಯಲ್ಲಿ ಕೂತರೆ ಕೇರಳದ ರೇಂಜ್. ಬಾವಿಕಟ್ಟೆಗೆ ಹೋದರೆ ಅಡ್ಯನಡ್ಕ ಕಡೆಯ ಟವರ್ ಹಿಡಿಯುತ್ತಿತ್ತು, ಅಂದರೆ ಕರ್ನಾಟಕ. ನನ್ನ ಹೆಂಡತಿ ಬಟ್ಟೆ ಒಗೆಯುತ್ತಾ ತಮ್ಮನ ಫೋನ್ ಎತ್ತಿದರೆ ರೋಮಿಂಗಿನ ದುಡ್ಡು ಕಟ್ಟಾಗುತ್ತಿತ್ತು. ಸ್ವಂತ ಬಾವಿಯ ಹತ್ತಿರ ನಿಂತು ರೋಮಿಂಗ್! ಕಂಪನಿಯ ಕಸ್ಟಮರ್ ಕೇರಿಗೆ ಫೋನ್ ಮಾಡಿ ಹೇಳಿದೆ. ಅಲ್ಲಿ ಮಲಯಾಳಂ, ಹಿಂದಿ, ಇಂಗ್ಲಿಷ್ ಮಾತ್ರ. ಅದೇ ಕಂಪನಿ ಕೆಲವೇ ಕಿಲೋಮೀಟರ್ ಆಚೆ ಕನ್ನಡದಲ್ಲಿ ಮಾತಾಡುತ್ತದೆ. ನನಗೆ ಮಲಯಾಳಂ ಬರುತ್ತದೆ, ಮಾತಾಡಿದೆ. ನೆಟ್‌ವರ್ಕನ್ನು ಕೈಯಿಂದ ಆರಿಸಿಕೊಳ್ಳಿ ಅಂತ ಸಲಹೆ ಕೊಟ್ಟರು. ಹಾಗೆ ಮಾಡಿದರೆ ಬಾವಿಕಟ್ಟೆಯಲ್ಲಿ ರೇಂಜೇ ಇಲ್ಲ.

ಇದು ನಮ್ಮೊಬ್ಬರ ಕಷ್ಟ ಅಲ್ಲ. ಜತ್ತ, ಅಕ್ಕಲಕೋಟೆ, ಹೊಸೂರು, ತಾಳವಾಡಿ, ಮಡಕಶಿರಾ, ಇಲ್ಲೆಲ್ಲ ನಮ್ಮಂತೆಯೇ ಗೆರೆಯ ಮೇಲೆ ಬದುಕುವ ಕನ್ನಡದವರಿದ್ದಾರೆ.

ಸ್ವಲ್ಪ ಹಿಂದೆ ಹೋಗೋಣ, ಅಮೆರಿಕಕ್ಕೆ. ಟೆಲಿಫೋನಿನ ಮೇಲಿದ್ದ ಬೆಲ್ ಕಂಪನಿಯ ಪೇಟೆಂಟ್ 1894ರ ಹೊತ್ತಿಗೆ ಮುಗಿಯಿತು. ಊರೂರಿಗೆ ಸಣ್ಣ ಸಣ್ಣ ಟೆಲಿಫೋನ್ ಕಂಪನಿಗಳು ಹುಟ್ಟಿದವು. ದರ ಇಳಿಯಿತು. ಆದರೆ ಬೆಲ್ ಕಂಪನಿ ತನ್ನ ತಂತಿಗೆ ಅವರ ತಂತಿ ಸೇರಿಸಲು ಬಿಡಲಿಲ್ಲ. ಒಂದೇ ಬೀದಿಯ ಎರಡು ಮನೆಯವರು ಬೇರೆ ಬೇರೆ ಕಂಪನಿಯ ಫೋನ್ ಇಟ್ಟರೆ ಪರಸ್ಪರ ಮಾತಾಡುವ ಹಾಗಿಲ್ಲ. ಹಾಗಾಗಿ ಡಾಕ್ಟರು, ಅಂಗಡಿಯವರು ಒಂದೇ ಮೇಜಿನ ಮೇಲೆ ಎರಡು ಫೋನ್ ಇಟ್ಟುಕೊಂಡರು. ಎರಡಕ್ಕೂ ದುಡ್ಡು. ಸರ್ಕಾರ ಕೇಸು ಹಾಕಿದ ಮೇಲೆ, 1913ರಲ್ಲಿ, ತನ್ನ ದೂರದ ಲೈನುಗಳಿಗೆ ಬೇರೆಯವರನ್ನು ಸೇರಿಸಿಕೊಳ್ಳುತ್ತೇನೆ ಅಂತ ಆ ಕಂಪನಿ ಒಪ್ಪಿತು. ಆಮೇಲೂ ಎಪ್ಪತ್ತು ವರ್ಷ ಅದರದ್ದೇ ಆಳ್ವಿಕೆ. ಕೊನೆಗೆ 1984ರ ಜನವರಿ 1ರಂದು ಅದನ್ನು ಒಡೆದರು. ಊರೊಳಗಿನ ಫೋನಿಗೆ ಏಳು ಪ್ರಾದೇಶಿಕ ಕಂಪನಿಗಳು, ದೂರದ ಫೋನಿಗೆ ಬೇರೆ.

ಇದನ್ನು ಓದಿದಾಗ ನನಗೆ ನಮ್ಮ ಹುಡುಗರ ಕಿಸೆ ನೆನಪಾಯಿತು. ಒಂದು ಕೇರಳದ ಸಿಮ್ಮು, ಒಂದು ಕರ್ನಾಟಕದ ಸಿಮ್ಮು. ಡಬಲ್ ಸಿಮ್ಮಿನ ಫೋನು ಬಂದಾಗ ಗಡಿಯ ಜನ ಮುಗಿಬಿದ್ದು ಕೊಂಡದ್ದು ಚಪಲಕ್ಕಲ್ಲ. ಅಂಗಡಿಯಲ್ಲಿ ನಾನೇ ಎಷ್ಟು ಮಾರಿದ್ದೇನೆ! ಅಮೆರಿಕದ ಡಾಕ್ಟರ ಮೇಜಿನ ಮೇಲೆ ಎರಡು ಫೋನ್ ಇದ್ದದ್ದಕ್ಕೂ ಪೆರ್ಲದ ಹುಡುಗನ ಕಿಸೆಯಲ್ಲಿ ಎರಡು ಸಿಮ್ ಇದ್ದದ್ದಕ್ಕೂ ಕಾರಣ ಒಂದೇ. ಕಂಪನಿಗಳು ಎಷ್ಟಿವೆ ಅನ್ನುವುದಕ್ಕಿಂತ ಅವುಗಳ ನಡುವಿನ ಜೋಡಣೆ ಹೇಗಿದೆ ಅನ್ನುವುದು ಮುಖ್ಯ. ಆ ಜೋಡಣೆಯ ನಿಯಮ ಬರೆಯುವವರು ಯಾರು, ಯಾರನ್ನು ನೆನಪಿಟ್ಟುಕೊಂಡು ಬರೆಯುತ್ತಾರೆ ಅನ್ನುವುದು ಇನ್ನೂ ಮುಖ್ಯ.

ನಮ್ಮ ದೇಶದಲ್ಲಿ ಏನಾಯಿತು ನೋಡಿ. 1995ರ ಜುಲೈ 31ರಂದು ಕೋಲ್ಕತ್ತದಿಂದ ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ದೆಹಲಿಯಲ್ಲಿದ್ದ ದೂರಸಂಪರ್ಕ ಸಚಿವ ಸುಖರಾಮ್ ಅವರಿಗೆ ಮೊದಲ ಮೊಬೈಲ್ ಕಾಲ್ ಮಾಡಿದರು. ಪ್ರತಿ ಸರ್ಕಲ್‌ಗೆ ಎರಡೇ ಕಂಪನಿ. ಕೇರಳದಲ್ಲಿ ಎಸ್ಕೋಟೆಲ್, ಬಿಪಿಎಲ್. ಇಬ್ಬರಿದ್ದರೂ ದರ ಇಳಿಯಲಿಲ್ಲ. ನಿಮಿಷಕ್ಕೆ 16 ರೂಪಾಯಿವರೆಗೆ, ಅದರ ಮೇಲೆ ಬರುವ ಕಾಲಿಗೂ ದುಡ್ಡು. ಕಂಪನಿಗಳು ಲೈಸೆನ್ಸಿಗೆ ವಿಪರೀತ ದುಡ್ಡು ಕೂಗಿದ್ದವು, ಕಟ್ಟಲಾಗದೆ ಒದ್ದಾಡಿದವು. 1997ರಲ್ಲಿ ಟ್ರಾಯ್ ಬಂತು, ಅಂದರೆ ಕಂಪನಿಗಳಿಗೆ ನಿಯಮ ಹಾಕುವ ಪ್ರಾಧಿಕಾರ. 1999ರ ಹೊಸ ನೀತಿಯಲ್ಲಿ ಮುಂಗಡ ಲೈಸೆನ್ಸ್ ಹಣದ ಬದಲು ಆದಾಯದಲ್ಲಿ ಪಾಲು ಕೊಟ್ಟರೆ ಸಾಕು ಅಂದರು. 2000ದ ಅಕ್ಟೋಬರ್‌ನಲ್ಲಿ ಇಲಾಖೆಯ ಕೆಲಸ ಬಿಎಸ್ಸೆನ್ನೆಲ್ ಅನ್ನುವ ಸರ್ಕಾರಿ ಕಂಪನಿಯ ಕೈಗೆ ಬಂತು. ಅದೇ ವರ್ಷ ದೇಶದೊಳಗಿನ ಎಸ್‌ಟಿಡಿ, 2002ರಲ್ಲಿ ಐಎಸ್‌ಡಿ, ಅಂದರೆ ಹೊರದೇಶದ ಕಾಲ್, ಎಲ್ಲ ಕಂಪನಿಗಳಿಗೂ ತೆರೆಯಿತು. ಆ ಅಮ್ಮ ಆಮೇಲೆ ನೂರರ ನೋಟು ಹಿಡಿದು ಬರಲಿಲ್ಲ. ಇಪ್ಪತ್ತು ತರುತ್ತಿದ್ದರು, ಚಿಲ್ಲರೆ ವಾಪಸ್ ಕೊಡುತ್ತಿದ್ದೆ.

ನನ್ನ ಮಟ್ಟಿಗೆ ದೊಡ್ಡ ದಿನ 2003ರ ಮೇ 1. ಅವತ್ತಿನಿಂದ ಸ್ವಂತ ಸರ್ಕಲ್ಲಿನೊಳಗೆ ಬರುವ ಕಾಲ್ ಫ್ರೀ. ಮಾಡಿದವರೇ ದುಡ್ಡು ಕೊಡಬೇಕು. ಮಾಡಿದವರ ಕಂಪನಿ ಎತ್ತಿದವರ ಕಂಪನಿಗೆ ನಿಮಿಷಕ್ಕೆ ಇಂತಿಷ್ಟು ಕೊಡಬೇಕು. ಸುಮ್ನೆ ಕೇಳಿದರೆ ಲೆಕ್ಕಪತ್ರದ ವಿಷಯ ಅನ್ನಿಸುತ್ತದೆ. ಆದರೆ ಆ ನಿಯಮ ಬಂದ ಮೇಲೆಯೇ ಕೂಲಿ ಕೆಲಸದವರು, ರಿಕ್ಷಾದವರು, ಮೀನು ಮಾರುವವರು ಮೊಬೈಲ್ ಕೊಂಡದ್ದು. ದುಡ್ಡಿಲ್ಲದಿದ್ದರೂ ಫೋನ್ ಎತ್ತಬಹುದು, ಮಿಸ್ಡ್ ಕಾಲ್ ಕೊಡಬಹುದು. ನನ್ನ ಬೂತಿನ ಜಗಲಿ ಖಾಲಿಯಾಗುತ್ತಾ ಬಂದದ್ದೂ ಆಗಿನಿಂದ. ಅದಕ್ಕೆ ನನಗೆ ಬೇಜಾರಾಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಮನೆ ನಡೆಯಬೇಕಲ್ಲ. ಆದರೆ ಜನರಿಗೆ ಆದ ಒಳ್ಳೆಯದು ಅದಕ್ಕಿಂತ ಎಷ್ಟೋ ದೊಡ್ಡದು.

ನನಗೆ ಇವತ್ತಿಗೂ ನೋವು ಕೊಡುವುದು 2005ರ ಒಂದು ತೀರ್ಮಾನ. ಮುಂಬೈ ಒಂದು ಸರ್ಕಲ್, ಮಹಾರಾಷ್ಟ್ರ ಇನ್ನೊಂದು. ಅವರ ನಡುವೆ ಎಸ್‌ಟಿಡಿ ಯಾಕೆ ಅಂತ ಕೇಳಿದರು, ಸರಿಯಾಗಿಯೇ ಕೇಳಿದರು. ಸರ್ಕಾರ ಅದನ್ನು ಲೋಕಲ್ ಮಾಡಿತು. ಚೆನ್ನೈ ಮತ್ತು ತಮಿಳುನಾಡು, ಕೋಲ್ಕತ್ತ ಮತ್ತು ಪಶ್ಚಿಮ ಬಂಗಾಳ, ಉತ್ತರ ಪ್ರದೇಶದ ಪೂರ್ವ ಮತ್ತು ಪಶ್ಚಿಮ, ಇವೂ ಲೋಕಲ್ ಆದವು. ಅಂದರೆ ಸರ್ಕಲ್ಲಿನ ಗೆರೆ ಅಳಿಸಲು ಬರುತ್ತಿತ್ತು. ತಂತ್ರಜ್ಞಾನದ ಅಡ್ಡಿ ಇರಲಿಲ್ಲ. ಅಳಿಸಿ ಅಂತ ಹೇಳುವಷ್ಟು ದೊಡ್ಡ ದನಿ ಬೇಕಿತ್ತು. ಮಂಜೇಶ್ವರಕ್ಕೂ ಮಂಗಳೂರಿಗೂ ನಡುವೆ ಹಾಗೆ ಕೇಳುವವರು ಯಾರೂ ಇರಲಿಲ್ಲ. ನಾವೂ ಕೇಳಲಿಲ್ಲ. ಒಂದು ಅರ್ಜಿ ಬರೆಯಬೇಕು ಅಂತ ನನಗೂ ಹೊಳೆಯಲಿಲ್ಲ.

2006ರಲ್ಲಿ ಬಿಎಸ್ಸೆನ್ನೆಲ್ ದೇಶದಲ್ಲಿ ಎಲ್ಲಿಗೆ ಮಾಡಿದರೂ ಒಂದು ರೂಪಾಯಿ ಅನ್ನುವ ಪ್ಲಾನ್ ತಂದಾಗ ನಮಗೆ ಸ್ವಲ್ಪ ಉಸಿರು ಬಂತು. 2009ರಲ್ಲಿ ಟಾಟಾ ಡೊಕೊಮೊ ಸೆಕೆಂಡಿಗೆ ಒಂದು ಪೈಸೆ ಅಂತ ಬಂದಾಗ ಉಳಿದವರೆಲ್ಲ ಹಿಂದೆಯೇ ಓಡಿಬಂದರು. ಅದು ನಿಜವಾದ ಸ್ಪರ್ಧೆಯ ಕಾಲ. ನನ್ನ ಅಂಗಡಿಯ ಗಾಜಿನ ಮೇಲೆ ಹತ್ತು ಕಂಪನಿಯ ಸ್ಟಿಕ್ಕರ್ ಇತ್ತು.

2011ರ ಜನವರಿಯಲ್ಲಿ ನಂಬರ್ ಉಳಿಸಿಕೊಂಡು ಕಂಪನಿ ಬದಲಿಸುವ ಸೌಕರ್ಯ ದೇಶಕ್ಕೆಲ್ಲ ಬಂತು, ಪೋರ್ಟ್ ಅಂತ ನಾವು ಹೇಳುವುದು. ಅದೂ ಸರ್ಕಲ್ಲಿನ ಒಳಗೆ ಮಾತ್ರ. ಪೆರ್ಲದ ಹುಡುಗಿಯನ್ನು ಪುತ್ತೂರಿಗೆ ಮದುವೆ ಮಾಡಿ ಕೊಟ್ಟರೆ ನಂಬರ್ ಇಲ್ಲೇ ಬಿಟ್ಟು ಹೋಗಬೇಕು, ಇಲ್ಲವೇ ವರ್ಷವಿಡೀ ರೋಮಿಂಗ್ ಕಟ್ಟಬೇಕು. ಸರ್ಕಲ್ ದಾಟಿ ಪೋರ್ಟ್ ಮಾಡಲು ಬಂದದ್ದು 2015ರ ಜುಲೈಯಲ್ಲಿ. ಅದೇ ವರ್ಷ ಮೇಯಲ್ಲಿ ಟ್ರಾಯ್ ರೋಮಿಂಗಿನಲ್ಲಿ ಬರುವ ಕಾಲಿನ ಗರಿಷ್ಠ ದರವನ್ನು 75 ಪೈಸೆಯಿಂದ 45 ಪೈಸೆಗೆ ಇಳಿಸಿತು. ಜೂನ್‌ನಲ್ಲಿ ಬಿಎಸ್ಸೆನ್ನೆಲ್ ಅದನ್ನು ಪೂರ್ತಿ ಫ್ರೀ ಮಾಡಿತು. ಬಾವಿಕಟ್ಟೆಯ ರೋಮಿಂಗ್ ನಮ್ಮ ಮನೆಯಲ್ಲಿ ಮುಗಿದದ್ದು ಆಗ.

2016ರ ಸೆಪ್ಟೆಂಬರ್ 5ರಂದು ಜಿಯೋ ಬಂತು. ಮಾತು ಫ್ರೀ, ಡೇಟಾಕ್ಕೆ ಮಾತ್ರ ದುಡ್ಡು. ಆ ಸಂಭ್ರಮ ನಿಮಗೆಲ್ಲ ನೆನಪಿದೆ. ಜೋಡಣೆಯ ಜಗಳ ಮತ್ತೆ ಬಂದದ್ದೂ ಆಗಲೇ. ಹಳೇ ಕಂಪನಿಗಳು ಸಾಕಷ್ಟು ಜೋಡಣೆ ಕೊಡುತ್ತಿಲ್ಲ, ಕಾಲ್ ಹೋಗುತ್ತಿಲ್ಲ ಅಂತ ಹೊಸ ಕಂಪನಿಯ ದೂರು. ಫ್ರೀ ಅಂತ ಹೇಳಿ ನಮ್ಮ ಕಡೆಗೆ ಪ್ರವಾಹ ಬಿಟ್ಟಿದ್ದಾರೆ ಅಂತ ಹಳಬರ ಉತ್ತರ. ಟ್ರಾಯ್ ಮೂರು ಹಳೇ ಕಂಪನಿಗಳಿಗೆ ಸೇರಿಸಿ 3,050 ಕೋಟಿ ದಂಡ ಹಾಕಿ ಅಂತ ಶಿಫಾರಸು ಮಾಡಿತು. ಒಂದು ಕಂಪನಿ ಇನ್ನೊಂದಕ್ಕೆ ಕೊಡುವ ಜೋಡಣೆ ಶುಲ್ಕ 2017ರಲ್ಲಿ 14 ಪೈಸೆಯಿಂದ 6 ಪೈಸೆಗೆ ಇಳಿಯಿತು, 2021ರ ಜನವರಿಯಿಂದ ಸೊನ್ನೆ.

ಆಮೇಲೆ ಸ್ಟಿಕ್ಕರುಗಳು ಒಂದೊಂದಾಗಿ ಹೋದವು. ಏರ್‌ಸೆಲ್ ಮುಳುಗಿತು. ಡೊಕೊಮೊ ಹೋಯಿತು. ವೊಡಾಫೋನ್, ಐಡಿಯಾ 2018ರಲ್ಲಿ ಒಂದಾದವು. ಈಗ ಮೂರು ಖಾಸಗಿ, ಒಂದು ಸರ್ಕಾರಿ. ಮೂವರಲ್ಲೂ ಇಬ್ಬರೇ ಗಟ್ಟಿ.

ಇದರ ಬಿಸಿ ಮೊದಲು ತಟ್ಟಿದ್ದು ಯಾರಿಗೆ? ಬರುವ ಕಾಲ್ ಎತ್ತಲು ಮಾತ್ರ ಫೋನ್ ಇಟ್ಟುಕೊಂಡವರಿಗೆ. ಮೊದಲು ಒಂದು ಸಿಮ್ ಹಾಕಿದರೆ ಹತ್ತು ರೂಪಾಯಿಯಲ್ಲಿ ತಿಂಗಳುಗಟ್ಟಲೆ ಹೋಗುತ್ತಿತ್ತು. 2018ರ ಕೊನೆಗೆ 28 ದಿನಕ್ಕೆ ಕನಿಷ್ಠ 35 ರೂಪಾಯಿ ಹಾಕಲೇಬೇಕು ಅಂತಾಯಿತು. 2024ರ ಜುಲೈಯಲ್ಲಿ ಏರ್‌ಟೆಲ್ಲಿನ 28 ದಿನದ ಪ್ಲಾನ್ 179ರಿಂದ 199ಕ್ಕೆ ಏರಿತು. ಬೇರೆ ಖಾಸಗಿಯವರೂ ಅದೇ ವಾರ ಏರಿಸಿದರು. ತಿಂಗಳು ಅನ್ನದೆ 28 ದಿನ ಅನ್ನುವುದರಿಂದ ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ಸಲ ಹಾಕಬೇಕು. 30 ದಿನದ ಒಂದು ಪ್ಲಾನ್ ಆದರೂ ಇಡಿ ಅಂತ 2022ರಲ್ಲಿ ಟ್ರಾಯ್ ಹೇಳಬೇಕಾಯಿತು. ಡೇಟಾ ಬೇಡದವರಿಗೆ ಮಾತು ಮತ್ತು ಮೆಸೇಜಿನದ್ದು ಮಾತ್ರ ಇರುವ ಪ್ಯಾಕ್ ಕೊಡಿ ಅಂತ 2024ರ ಡಿಸೆಂಬರ್‌ನಲ್ಲಿ ಹೇಳಿತು. ಈಗ ಅಂಥ ಪ್ಯಾಕ್ ಇದೆ. ಆದರೆ ಅಂಗಡಿಯಲ್ಲಿ ಕೇಳದೆ ಯಾರೂ ತೋರಿಸುವುದಿಲ್ಲ. ಕೇಳಿ.

ಮಾತು ಮುಗಿದ ಮೇಲೆ ಕಾಲೇಜು ಓದುವ ಒಬ್ಬಳು ಎದ್ದು ನಿಂತಳು. "ಹಾಗಾದರೆ ಮೊದಲಿನ ಹಾಗೆ ಒಂದೇ ಸರ್ಕಾರಿ ಕಂಪನಿ ಇದ್ದಿದ್ದರೆ ಒಳ್ಳೆಯದಿತ್ತಾ ಮಾವ?"

ಇಲ್ಲ ಮಗಾ, ಅಂದೆ. ಆ ಅಮ್ಮನ ನೂರರ ನೋಟು ಇಪ್ಪತ್ತಾದದ್ದು ಬಾಗಿಲು ತೆರೆದದ್ದರಿಂದ. ಆದರೆ ತೆರೆದು ಸುಮ್ಮನೆ ಕೂತರೆ ಇಬ್ಬರೇ ಉಳಿಯುತ್ತಾರೆ, ಮತ್ತೆ 1995ಕ್ಕೇ ಹೋಗಿ ನಿಲ್ಲುತ್ತೇವೆ. ಅದಕ್ಕೇ ಬಿಎಸ್ಸೆನ್ನೆಲ್ ಗಟ್ಟಿಯಾಗಿ ಇರಬೇಕು ಅನ್ನುವುದು ನನ್ನ ಹಟ. ಖಾಸಗಿಯವರು 4ಜಿ ಮುಗಿಸಿ 5ಜಿಗೆ ಹೋದ ಮೇಲೂ ಅದು 4ಜಿಗೆ ಒದ್ದಾಡುತ್ತಿತ್ತು. 2023ರಲ್ಲಿ ಸರ್ಕಾರ ಅದಕ್ಕೆ 89,000 ಕೋಟಿ ರೂಪಾಯಿಯ ಪ್ಯಾಕೇಜ್ ಘೋಷಿಸಿತು. ವೊಡಾಫೋನ್ ಐಡಿಯಾದ ಬಾಕಿಯನ್ನು ಶೇರಾಗಿ ಬದಲಿಸಿಕೊಂಡು ಈಗ ಅದರಲ್ಲೂ ಸರ್ಕಾರದ್ದೇ ಅತಿ ದೊಡ್ಡ ಪಾಲು. ಮೂರನೆಯವರು, ನಾಲ್ಕನೆಯವರು ಬದುಕಿರಬೇಕು ಅನ್ನುವುದು ಸರ್ಕಾರಕ್ಕೂ ಗೊತ್ತಿದೆ.

ಪಂಚಾಯತ್ ಸದಸ್ಯರೊಬ್ಬರು ಕೇಳಿದರು: "ದರ ಇರಲಿ, ನಮ್ಮ ವಾರ್ಡಿನಲ್ಲಿ ಇವತ್ತಿಗೂ ರೇಂಜ್ ಇಲ್ಲ. ಏನು ಮಾಡುವುದು?"

ಕಂಪನಿಗಳು ಕಟ್ಟುವ ಲೈಸೆನ್ಸ್ ಶುಲ್ಕದಲ್ಲಿ ಒಂದು ಪಾಲು ಹಳ್ಳಿಗಳ ಫೋನಿಗಾಗಿಯೇ ಇರುವ ನಿಧಿಯದ್ದು. ಈಗ ಅದಕ್ಕೆ ಡಿಜಿಟಲ್ ಭಾರತ್ ನಿಧಿ ಅಂತ ಹೆಸರು. ಲಾಭ ಇಲ್ಲದ ಕಡೆ ಸ್ಪರ್ಧೆ ತಾನಾಗಿ ಬರುವುದಿಲ್ಲ, ಅದಕ್ಕೇ ಆ ದುಡ್ಡು. ಪಂಚಾಯತಿಂದ ನಿರ್ಣಯ ಮಾಡಿ ಕಳಿಸಿ. ಯಾವ ಮನೆಯಲ್ಲಿ, ಯಾವ ಕಂಪನಿಯ ರೇಂಜ್, ಎಷ್ಟು ಹೊತ್ತಿಗೆ ಸಿಗುವುದಿಲ್ಲ ಅಂತ ವಾರ್ಡುವಾರು ಬರೆದು ಜೋಡಿಸಿ. ಟ್ರಾಯ್ ಹೊಸ ನಿಯಮ ಮಾಡುವ ಮುಂಚೆ ಸಾರ್ವಜನಿಕರ ಅಭಿಪ್ರಾಯ ಕೇಳುತ್ತದೆ, ಬಂದ ಉತ್ತರಗಳನ್ನು ಎಲ್ಲರೂ ಓದುವ ಹಾಗೆ ಹಾಕುತ್ತದೆ. ಅಲ್ಲಿ ಕಂಪನಿಗಳ ವಕೀಲರು ಪುಟಗಟ್ಟಲೆ ಬರೆದಿರುತ್ತಾರೆ. ಗಡಿಯ ಊರಿನ ಬಾವಿಕಟ್ಟೆಯ ಬಗ್ಗೆ ನಾವೇ ಬರೆಯಬೇಕು.

ಆ ಹುಡುಗಿ ಅಲ್ಲೇ ಒಂದು ನೋಟ್‌ಬುಕ್ ತೆಗೆದು ಸಾಲು ಹಾಕಿದಳು. ಮನೆ, ಕಂಪನಿ, ಹೊತ್ತು. ಚಹಾ ಬರುವಷ್ಟರಲ್ಲಿ ಹದಿನಾಲ್ಕು ಮನೆಯ ಹೆಸರು ಸೇರಿತ್ತು.